ಅರ್ಧ ಮ್ಯಾರಥಾನ್ ತರಬೇತಿ

21.0975 ಕಿ.ಮೀ. ಓಟವನ್ನು ಮೊದಲ ಬಾರಿಗೆ ಪೂರೈಸಲು ಹೊಸ ಓಟಗಾರರು ಹಂತಹಂತವಾಗಿ ನಡೆಸುವ ಅಭ್ಯಾಸಕ್ರಮ. ಇದು ದಮ್ಮು ಬೆಳೆಸುವ ವ್ಯಾಯಾಮಗಳ ಗುಂಪಿಗೆ ಸೇರುತ್ತದೆ. ಓಟದ ದೂರ ಪೂರ್ಣ ಮ್ಯಾರಥಾನ್‌ನ 42.195 ಕಿ.ಮೀ.ನ ಅರ್ಧ, ಆ ಅಳತೆ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಳಕೆಗೆ ಬಂದು 1921ರಲ್ಲಿ ಅಧಿಕೃತವಾಯಿತು. ಅರ್ಧ ಮ್ಯಾರಥಾನ್ ಒಲಿಂಪಿಕ್ ಸ್ಪರ್ಧೆಯಲ್ಲ. ಇದರ ವಿಶ್ವ ಚಾಂಪಿಯನ್‌ಷಿಪ್ 1992ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಬೆಂಗಳೂರು ಮ್ಯಾರಥಾನ್ ಹಾಗೂ ಶ್ರೀರಂಗಪಟ್ಟಣದ ಬಳಿ ಕಾಲುವೆ ಏರಿಯ ಮಣ್ಣುದಾರಿಯಲ್ಲಿ ನಡೆಯುವ ಕಾವೇರಿ ಟ್ರಯಲ್ ಮ್ಯಾರಥಾನ್‌ಗಳಲ್ಲಿ ಈ ವಿಭಾಗವಿದೆ.

ನಿಲ್ಲದೆ 5 ಕಿ.ಮೀ. ಓಡಬಲ್ಲವರಿಗೆ ಸಾಮಾನ್ಯವಾಗಿ 12ರಿಂದ 16 ವಾರ ಬೇಕು. ವಾರಕ್ಕೆ 3–4 ದಿನ ಓಟ, ಅದರಲ್ಲಿ ಒಂದು ದೀರ್ಘ ಓಟ. ಅದು ಕ್ರಮೇಣ 16–18 ಕಿ.ಮೀ.ಗೆ ಬೆಳೆಯುತ್ತದೆ. ಹೆಚ್ಚಿನ ಓಟ ಮಾತಾಡುತ್ತ ಸಾಗಬಹುದಾದ ನಿಧಾನಗತಿಯದು. ಹೃದಯ, ಶ್ವಾಸಕೋಶಗಳು ಬೇಗ ಪಳಗುತ್ತವೆ. ಸ್ನಾಯುರಜ್ಜು, ಮೂಳೆಗಳಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಮೊಣಕಾಲು, ಕಣಕಾಲಿನ ನೋವಿಗೆ ಈ ಅಂತರವೂ ಒಂದು ಕಾರಣವಾದ್ದರಿಂದ ವಿಶ್ರಾಂತಿಯ ದಿನಗಳೂ ತರಬೇತಿಯ ಭಾಗವೇ. ಕೊನೆಯ ಎರಡು ವಾರ ದೂರವನ್ನು ತಗ್ಗಿಸಲಾಗುತ್ತದೆ.

ತರಬೇತಿಯನ್ನು ಸ್ಥಳದ ಹವೆಗೂ ಹೊಂದಿಸಬೇಕು. ಉದಾಹರಣೆಗೆ, ರಾಯಚೂರು ಜಿಲ್ಲೆಯ ಸಂತೆಕಲ್ಲೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ನಸುಕಿನ ಅಭ್ಯಾಸವೇ ಸುರಕ್ಷಿತ. ದೇಹ ಬಿಸಿಲಿಗೆ ಒಗ್ಗಲು 10–14 ದಿನ ಬೇಕು. ಬೆವರಿನೊಂದಿಗೆ ಉಪ್ಪಿನಂಶವೂ ಹೋಗುವುದರಿಂದ ದೀರ್ಘ ಓಟದಲ್ಲಿ ಬರಿ ನೀರನ್ನೇ ಅತಿಯಾಗಿ ಕುಡಿಯುವುದು ಅಪಾಯಕಾರಿ. ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ನಿಂಬೆ ಶರಬತ್ತು ಉಪಯುಕ್ತ. ಮಳೆಗಾಲದಲ್ಲಿ ಇಲ್ಲಿನ ಎರೆಮಣ್ಣು ಕಾಲಿಗೆ ಅಂಟಿ ಜಾರುವುದರಿಂದ ಗಟ್ಟಿ ದಾರಿ ಅಗತ್ಯ.