ಕೀಲಿಗೆ ಬಿದ್ದ ಕೀಲಿ

ನವಿ ಮುಂಬಯಿಯ ಕಾಮೋಠೆಯ ನಮ್ಮ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ದಿವಾನದ ಮೇಲೆ ಕೂತಿದ್ದ ಅವ್ವ ಏಳಲಿಲ್ಲ. "ಮೊಣಕಾಲಿಗೆ ಕೀಲಿ ಬಿದ್ದಂಗ ಆಗೇತೋ ತಮ್ಮಾ, ಮಡಚಾಕೂ ಬರವಲ್ದು, ಚಾಚಾಕೂ ಬರವಲ್ದು" ಅಂದಳು. ಉಡುಪಿ ಕಡೆಯ ನನ್ನ ಹೆಂಡತಿಗೆ ಇದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವಳೂರಲ್ಲಿ ಬಾಗಿಲಿಗೆ ಹಾಕುವುದು ಬೀಗ. ಧಾರವಾಡದ ನಮಗೆ ಅದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಎಲುಬುಗಳು ಕೂಡುವ ಕೀಲಿಗೆ ಬಾಗಿಲಿನ ಕೀಲಿ ಬಿದ್ದಿತ್ತು. ವ್ಯಾಕರಣಕ್ಕೂ ಇವೆರಡರ ಗುರುತು ಸಿಗದು: ಕೀಲು, ಕೀಲಿ ಎರಡಕ್ಕೂ ಚತುರ್ಥಿ ವಿಭಕ್ತಿ ಹಚ್ಚಿದರೆ ‘ಕೀಲಿಗೆ’ ಎಂದೇ ಆಗುತ್ತದೆ. ಎದುರು ಮನೆಯ ವಹಿನಿ ಒಳಗೆ ಬಂದು ನೋಡಿ, "ಸಾಂಧಾ ಧರಲಾಯ" ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ಎಳ್ಳೆಣ್ಣೆ ಬಿಸಿ ಮಾಡಲು ಹೋದರು.

ಕೀಲು, ಕೀಲಿ ಎರಡರ ಬೇರೂ ಸಂಸ್ಕೃತದ ‘ಕೀಲ’. ಮೂಲದಲ್ಲಿ ಅದು ಗೂಟ, ಬೆಣೆ, ಮೊಳೆ. ಬಡಿದು ನೆಟ್ಟರೆ ಅಲುಗದ ವಸ್ತು. ಮರಾಠಿಯವರು ಆ ಅಲುಗದ ಗುಣವನ್ನೇ ಹಿಡಿದುಕೊಂಡರು. ಅವರ ‘ಖಿಳಾ’ ಮೊಳೆ. ‘ಖೀಳ ಬಸಲೀ’ ಎಂದರೆ ಕೆಲಸ ನಿಂತುಹೋಯಿತು. ನಮ್ಮ ಪಕ್ಕದ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗುವ ತನಕ ಈ ಪದಕ್ಕೆ ಇಲ್ಲಿ ಬಿಡುವೇ ಇರಲಿಲ್ಲ. ದವಡೆ ಕಚ್ಚಿಕೊಂಡು ಬಾಯಿ ತೆರೆಯದಿದ್ದರೆ ಅದು ‘ದಾತಖೀಳ’. ಕನ್ನಡದಲ್ಲಿ ಅದೇ ಗೂಟ ಕೀಲಾಗಿ ಮಡಚತೊಡಗಿತು, ತಿರುಗತೊಡಗಿತು, ಗೊಂಬೆಗೆ ಹೊಕ್ಕು ಕುಣಿಯಿತು. ಕೀಲುಗೊಂಬೆ, ಕೀಲುಕುದುರೆ ಎಂದಾಗ ಅಲುಗಾಟವೇ ಕಣ್ಣಿಗೆ ಬರುತ್ತದೆ. ನಿಲ್ಲಿಸುವ ವಸ್ತು ನಮ್ಮಲ್ಲಿ ನಡೆಸುವ ವಸ್ತುವಾದದ್ದು ಹೇಗೆ?

ನನ್ನ ಅನುಮಾನ ಬಂಡಿಯ ಮೇಲೆ. ಅಚ್ಚಿನ ತುದಿಯಲ್ಲಿ ಗಾಲಿ ಕಳಚದಂತೆ ತೂರಿಸುವ ಕಬ್ಬಿಣದ ತುಂಡಿಗೆ ಕಡೆಗೀಲು ಎನ್ನುತ್ತಾರೆ. ಕಡಾಣಿ ಎಂದೂ ಹೆಸರುಂಟು. ಅದು ತಾನು ಗಟ್ಟಿಯಾಗಿ ಕೂತಿದ್ದರಷ್ಟೇ ಗಾಲಿ ತಿರುಗುತ್ತದೆ. ಕೈಕೇಯಿಯ ಕಥೆ ಕೇಳದವರಾರು? ಯುದ್ಧದ ನಡುವೆ ದಶರಥನ ರಥದ ಕೀಲು ಕಳಚಿದಾಗ ಆಕೆ ತನ್ನ ಬೆರಳನ್ನೇ ಅಲ್ಲಿಟ್ಟು ರಥ ಉಳಿಸಿ ಎರಡು ವರ ಗಳಿಸಿದಳು. ಈ ಬೆರಳಿನ ಪ್ರಸಂಗ ವಾಲ್ಮೀಕಿಯದಲ್ಲ, ಜನರ ಬಾಯಲ್ಲಿ ಬೆಳೆದದ್ದು. ಆದರೂ ಮೂರು ಗೆಣ್ಣಿನ ಬೆರಳು ಕಬ್ಬಿಣದ ಕೀಲಿನ ಜಾಗಕ್ಕೆ ಸಲೀಸಾಗಿ ಹೋಗಿ ಕೂರಬೇಕಾದರೆ, ಕಥೆ ಕಟ್ಟಿದವರಿಗೆ ಮೈಯ ಕೀಲೂ ಬಂಡಿಯ ಕೀಲೂ ಬೇರೆಯೆನಿಸಿರಲಿಲ್ಲ. ಜೇಡರ ದಾಸಿಮಯ್ಯನೂ ಒಡಲನ್ನು ಬಂಡಿಯೆಂದು ಕರೆದು, ಶರಣರ ಮಾತನ್ನು ಅದರ ಕಡೆಗೀಲು ಮಾಡಿದ.

ಮಾನಸರೋವರ ಸ್ಟೇಷನ್ ಕಡೆಯ ಒಂದು ದವಾಖಾನೆಗೆ ಅವ್ವನನ್ನು ಆಟೋದಲ್ಲಿ ಕರೆದೊಯ್ದೆ. ಕಾಮೋಠೆಯಲ್ಲಿ ಡಾಕ್ಟರರಿಗೆ ಬರವಿಲ್ಲ. ಎಂಜಿಎಂ ವೈದ್ಯಕೀಯ ಕಾಲೇಜು 1989ರಿಂದ ಇಲ್ಲಿದೆ. ಮೊದಲ ವರ್ಷದ ಹುಡುಗರು ಟೀ ಅಂಗಡಿಯ ಬೆಂಚಿನ ಮೇಲೆ ತೊಡೆಯೆಲುಬು ಇಟ್ಟುಕೊಂಡು ಅದರ ಉಬ್ಬುತಗ್ಗುಗಳ ಹೆಸರು ಉರುಹೊಡೆಯುವುದನ್ನು ನೋಡಿದ್ದೇನೆ. ಈ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಗ್ರೀಸ್ ಕಮೀ ಝಾಲಂಯ, ಆಜೀ" ಎಂದರು. ಮರಾಠಿ ಬಾರದ ಅವ್ವನಿಗೆ ತಟ್ಟನೆ ಅರ್ಥವಾಯಿತು. "ಕೀಲೆಣ್ಣಿ ತೀರೇತಿ ಅಂತಾರೇನು?"

ಕೀಲೆಣ್ಣೆ! ಮೂವತ್ತು ವರ್ಷವಾಗಿತ್ತು ಆ ಪದ ಕೇಳಿ. ನಮ್ಮ ಚಕ್ಕಡಿಯ ಅಡಿಯಲ್ಲಿ ಬಿದಿರಿನ ಕೊಳವೆ ತೂಗುತ್ತಿತ್ತು. ಅದರಲ್ಲಿ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕಪ್ಪು ಲೇಪ. ಸಂತೆಗೆ ಹೋಗುವ ಮುಂಚೆ ಅಪ್ಪ ಗಾಲಿ ಬಿಚ್ಚಿ ಅಚ್ಚಿಗೆ ಅದನ್ನು ಬಳಿಯುತ್ತಿದ್ದ. ಮರೆತ ದಿನ ಬಂಡಿ ಹರದಾರಿ ದೂರದಿಂದಲೇ ಕಿರುಗುಟ್ಟಿ ಅಪ್ಪನ ಸೋಮಾರಿತನವನ್ನು ಊರಿಗೆ ಸಾರುತ್ತಿತ್ತು.

ಡಾಕ್ಟರರ ಗ್ರೀಸನ್ನು ಕಂಡು ನಗುವ ಓದಿದವರು ಸುಶ್ರುತನನ್ನೂ ಕಂಡು ನಗಬೇಕಾಗುತ್ತದೆ. ತನ್ನ ಸಂಹಿತೆಯ ಶಾರೀರಸ್ಥಾನದಲ್ಲಿ ಅವನು ಕೊಟ್ಟ ಹೋಲಿಕೆಯೂ ಇದೇ: ಎಣ್ಣೆ ಸವರಿದ ಅಚ್ಚಿನ ಮೇಲೆ ಗಾಲಿ ಹೇಗೆ ಚೆನ್ನಾಗಿ ತಿರುಗುತ್ತದೋ ಹಾಗೆ ಶ್ಲೇಷ್ಮದಿಂದ ಸಂಧಿಗಳು ನಡೆಯುತ್ತವೆ. ಅವನ ಲೆಕ್ಕಕ್ಕೆ ಎಲುಬು 300, ಸಂಧಿ 210. ಇಂದಿನವರು ಎಣಿಸುವ ಎಲುಬು 206. ಹಲ್ಲುಗಳನ್ನೂ ಮೃದ್ವಸ್ಥಿಯನ್ನೂ ಸೇರಿಸಿದ್ದರಿಂದ ಅವನ ಲೆಕ್ಕ ದೊಡ್ಡದು. ನನಗೆ ಲೆಕ್ಕಕ್ಕಿಂತ ಹೆಸರುಗಳೇ ರುಚಿ. ತೊಡೆ ಸೊಂಟಕ್ಕೆ ಕೂಡುವಲ್ಲಿ ಅವನಿಗೆ ಒರಳು ಕಂಡಿತು, ಅದು ಉಲೂಖಲ ಸಂಧಿ. ತಲೆಬುರುಡೆಯ ಚಿಪ್ಪುಗಳ ನಡುವೆ ಬಟ್ಟೆಯ ಹೊಲಿಗೆ ಕಂಡಿತು. ದವಡೆಯಲ್ಲಿ ಕಾಗೆಯ ಕೊಕ್ಕು. ನಮ್ಮ ಶಾಲಾ ಪುಸ್ತಕಗಳೂ ಇದೇ ಹಾದಿ ಹಿಡಿದು ಮೊಣಕೈಗೆ ‘ಬಿಜಾಗರಿ ಕೀಲು’ ಎಂದವು. ಬಿಜಾಗರಿ ಮರಾಠಿಯಲ್ಲೂ ಬಿಜಾಗರಿಯೇ. ವಹಿನಿಯ ಮಗನೂ ನನ್ನ ಮಗಳೂ ಹೋಂವರ್ಕಿನಲ್ಲಿ ಒಪ್ಪಿಕೊಂಡ ಒಂದೇ ಪದ ಅದು.

ಆದರೆ ಗ್ರೀಸಿನ ಮಾತು ಪೂರ್ತಿ ಸರಿಯಲ್ಲ. ಮೊಣಕಾಲಿನೊಳಗಿನ ದ್ರವ ಒಂದು ಟೀ ಚಮಚವನ್ನೂ ತುಂಬದು. ಪ್ಯಾರಾಸೆಲ್ಸಸ್ ಎಂಬ 16ನೆಯ ಶತಮಾನದ ವೈದ್ಯ ಅದನ್ನು ಮೊಟ್ಟೆಯ ಬಿಳಿಲೋಳೆಗೆ ಹೋಲಿಸಿ ಸೈನೋವಿಯಾ ಎಂದು ಹೆಸರಿಟ್ಟ. ಅವ್ವನ ವಯಸ್ಸಿನಲ್ಲಿ ಸವೆಯುವುದು ಎಲುಬಿನ ತುದಿಗೆ ಹೊದಿಸಿದ ನುಣುಪು ಮೃದ್ವಸ್ಥಿ. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಸದ್ದಿಲ್ಲದೆ ಸವೆಯುತ್ತದೆ. ರಕ್ತವಿಲ್ಲದ್ದರಿಂದ ಸುತ್ತಲ ದ್ರವವನ್ನು ಸ್ಪಂಜಿನಂತೆ ಹೀರಿ ಬದುಕುತ್ತದೆ. ಹೀರಬೇಕಾದರೆ ಅದನ್ನು ಒತ್ತಬೇಕು, ಬಿಡಬೇಕು, ಅಂದರೆ ನಡೆಯಬೇಕು. ಬಂಡಿಯಲ್ಲಿ ಕೀಲೆಣ್ಣೆ ಹಾಕಿದ ಮೇಲೆ ನಡೆ. ಇಲ್ಲಿ ನಡೆದರೆ ಎಣ್ಣೆ. ಇನ್ನು ಎಲುಬಿಗೆ ಎಲುಬು ಬಿಗಿಯುವ ಹಗ್ಗಕ್ಕೆ ನಮ್ಮ ಪಠ್ಯದವರಿಟ್ಟ ಹೆಸರು ಅಸ್ಥಿರಜ್ಜು. ಅಸ್ಥಿಯ ರಜ್ಜು ಎಂಬುದು ಸರಿಯೇ, ಆದರೆ ಓದುವ ಮಕ್ಕಳ ಬಾಯಿ ‘ಅಸ್ಥಿರ’ದಲ್ಲಿ ನಿಂತು ‘ಜ್ಜು’ವಿನಲ್ಲಿ ಮುಗ್ಗರಿಸುತ್ತದೆ. ಕೀಲನ್ನು ಸ್ಥಿರವಾಗಿಡುವ ವಸ್ತುವಿಗೆ ಇಂಥ ಹೆಸರು!

ಎತ್ತಿನ ವಿಷಯದಲ್ಲಿ ನಾವು ಹೆಸರನ್ನಷ್ಟೇ ಅಲ್ಲ, ಜಾಗವನ್ನೂ ತಪ್ಪಿದ್ದೇವೆ. ಎತ್ತು ಮಲಗುವಾಗ ಮೊದಲು ಮುಂಗಾಲು ಮಡಚುತ್ತದೆ, ಮೊಣಕಾಲೂರಿತು ಎನ್ನುತ್ತೇವೆ. ಅದು ಮೊಣಕಾಲಲ್ಲ, ನಮ್ಮ ಲೆಕ್ಕದಲ್ಲಿ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವುದು ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ತೊಗಲಿನೊಳಗೆ ಅಡಗಿರುತ್ತದೆ. ಪಾಪ, ಎತ್ತು ಇಡೀ ಬದುಕು ತುದಿಬೆರಳಿನ ಮೇಲೆ ನಿಂತೇ ಬಂಡಿ ಎಳೆಯಿತು.

ಭಾನುವಾರ ಸೆಕ್ಟರಿನ ಕೋಳಿ ಅಂಗಡಿಯವನಿಗೆ ಇದ್ಯಾವುದರ ಹೆಸರೂ ಬೇಡ. ತೊಡೆಯನ್ನು ಹಿಂದಕ್ಕೆ ಮುರಿದು, ಲಟಕ್ಕೆನ್ನುವ ಜಾಗಕ್ಕೆ ಚೂರಿಯ ಮೊನೆ ಇಳಿಸುತ್ತಾನೆ. ಎಲುಬಿಗೆ ತಾಗದೆ ಕಾಲು ಬೇರೆಯಾಗುತ್ತದೆ. ಅವನು ಚೆಲ್ಲುವ ತಲೆಯಲ್ಲಿ ಒಂದು ಸೋಜಿಗವಿದೆ. ನಾಲಿಗೆಗೆ ಎಲುಬಿಲ್ಲ ಎಂದು ನಾವು ಗಾದೆ ಹೇಳುತ್ತೇವಲ್ಲ, ಕೋಳಿಯ ನಾಲಿಗೆಯಲ್ಲಿ ಎಲುಬಿದೆ! ಮನುಷ್ಯನ ನಾಲಿಗೆಯ ಬುಡಕ್ಕೂ ಒಂದು ಪುಟ್ಟ ಎಲುಬಿನ ಆಸರೆಯುಂಟು, ಆದರೆ ಅದು ಮೈಯಲ್ಲಿರುವ ಬೇರಾವ ಎಲುಬಿಗೂ ಕೀಲುಗೂಡಿಲ್ಲ. ಗಾದೆಯನ್ನು ತಿದ್ದುವುದಾದರೆ, ನಾಲಿಗೆಯ ಎಲುಬಿಗೆ ಕೀಲಿಲ್ಲ ಎನ್ನಬೇಕು.

ಈಗ ಇದನ್ನೆಲ್ಲ ಬರೆಯುತ್ತಿರುವುದೂ ಕೀಲಿಮಣೆಯ ಮೇಲೆಯೇ. ಆ ಹೆಸರು ಕೊಟ್ಟವರು ಯಾರೋ, ಕನ್ನಡ ಅಕ್ಷರಗಳನ್ನು ಅದರ ಮೇಲೆ ಜೋಡಿಸಿದವರು ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದ ಕೆ.ಪಿ. ರಾವ್. ಗೂಟವಾಗಿ ಹೊರಟ ಪದ ಇಲ್ಲಿ ಬೆರಳ ಗೆಣ್ಣುಗಳಡಿ ಮೆತ್ತಗೆ ಒತ್ತಿಸಿಕೊಳ್ಳುತ್ತಿದೆ.

ಆ ದಿನ ದವಾಖಾನೆಯಲ್ಲಿ, ಮುಂದೊಮ್ಮೆ ಮೊಣಕಾಲು ಬದಲಿಸಬೇಕಾದೀತು ಎಂದರು ಡಾಕ್ಟರು. ಮೇಜಿನ ಮೇಲಿನ ಮಾದರಿಯನ್ನು ಅವ್ವನ ಕೈಗೆ ಕೊಟ್ಟರು: ಮೇಲೆ ಕೋಬಾಲ್ಟ್-ಕ್ರೋಮಿಯಂ ಲೋಹ, ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ, ಕೆಳಗೆ ಕಾಲೆಲುಬಿನೊಳಗೆ ಬಡಿದು ಇಳಿಸುವ ಒಂದು ಗೂಟ. ಸಂಸ್ಕೃತದ ಕೀಲ ಬಂಡಿ ಹತ್ತಿ, ಮೈ ಹೊಕ್ಕು, ಇಷ್ಟು ಕಾಲ ಹೋಲಿಕೆಯಾಗಿ ಬಾಳಿ, ಕಾಮೋಠೆಯ ಈ ಮೇಜಿನ ಮೇಲೆ ಮತ್ತೆ ಗೂಟವಾಗಿ ಕೂತಿತ್ತು. ಅವ್ವ ಅದನ್ನು ಮಡಚಿದಳು, ಚಾಚಿದಳು, ಕಿವಿಯ ಹತ್ತಿರ ಹಿಡಿದು ಮತ್ತೆ ಮಡಚಿದಳು. ಸದ್ದು ಬರಲಿಲ್ಲ.

ಅವಸರವಿಲ್ಲವಂತೆ, ಎರಡು ವರ್ಷ ವ್ಯಾಯಾಮದಲ್ಲೇ ತಳ್ಳಬಹುದಂತೆ. ಮನೆಗೆ ಬಂದವಳೇ ಅವ್ವ ಚೀಲದಿಂದ ಪಂಚಾಂಗ ತೆಗೆದಳು. ಬೆರಳ ಗೆಣ್ಣು ಮುಟ್ಟುತ್ತಾ ಪರಾಭವ, ಪ್ಲವಂಗ ಎಂದು ಎಣಿಸಿ ನಿಂತಳು. 2028ರ ಯುಗಾದಿಗೆ ಬರುವುದು ಕೀಲಕ ಸಂವತ್ಸರ. ಅದರ ಹಿಂದಿನ ಕೀಲಕ 1968ರಲ್ಲಿ.

"ಮದಿವಿ ಆಗಿದ್ದೂ ಕೀಲಕದಾಗ," ಎಂದು ಪಂಚಾಂಗ ಮುಚ್ಚಿದಳು. "ಮೊಣಕಾಲ್ದೂ ಅದರಾಗ ಆಗ್ಲಿ ಬಿಡು."