ಮುಯ್ಯಿಯ ಪುಸ್ತಕ ಮತ್ತು ಕೊಡುಗೆ ತೆರಿಗೆ

ಹಳೆಯ ಮೈಸೂರು ಪ್ರಾಂತದ ಮದುವೆಗಳಲ್ಲಿ ಮುಯ್ಯಿ ಓದಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಧಾರೆ ಮುಗಿದ ಮೇಲೆ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ನೆಂಟರಿಷ್ಟರು ಕೊಟ್ಟ ಹಣವನ್ನು ಹೆಸರು, ಊರುಗಳೊಡನೆ ಬರೆದುಕೊಂಡು ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅದೇ ಪುಟ ತೆರೆದು ನೋಡಿ, ಅಷ್ಟಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸಬೇಕು. ಕೆಂಗೇರಿಯ ಸುತ್ತಣ ಹಳ್ಳಿಗಳು ಬಡಾವಣೆಗಳಾದ ಮೇಲೆಯೂ, ರಾಜಾಜಿನಗರ, ವಿಜಯನಗರಗಳ ಕಲ್ಯಾಣಮಂಟಪಗಳಲ್ಲಿ ಲಕೋಟೆ ಬಳಕೆಗೆ ಬಂದ ಮೇಲೆಯೂ ಈ ಲೆಕ್ಕ ಅಳಿದಿಲ್ಲ. ಬರೆಯುವ ಕೆಲಸ ಮಂಟಪದಿಂದ ಮನೆಗೆ ಹೋಗಿದೆ, ಅಷ್ಟೆ.

ನಿಕೊಲಸ್ ಕಾಲ್ಡರ್ 1956ರಲ್ಲಿ ನೀಡಿದ ವರದಿಯ ಹಿನ್ನೆಲೆಯಲ್ಲಿ, ಹಣಕಾಸು ಖಾತೆಯನ್ನೂ ವಹಿಸಿಕೊಂಡಿದ್ದ ಪ್ರಧಾನಿ ನೆಹರೂ ಅವರು 1958ರ ಮುಂಗಡಪತ್ರದಲ್ಲಿ ಕೊಡುಗೆ ತೆರಿಗೆಯನ್ನು ತಂದರು. ಬದುಕಿರುವಾಗಲೇ ಆಸ್ತಿಯನ್ನು ಹಂಚಿ ಮರಣೋತ್ತರ ಆಸ್ತಿ ತೆರಿಗೆಯನ್ನು ತಪ್ಪಿಸಿಕೊಳ್ಳುವವರನ್ನು ತಡೆಯುವುದು ಅದರ ಒಂದು ಉದ್ದೇಶ. ತೆರಿಗೆ ಕೊಟ್ಟವನ ಮೇಲೆ. ವರ್ಷಕ್ಕೆ 10,000 ರೂಪಾಯಿವರೆಗೆ ವಿನಾಯಿತಿ. ಅದನ್ನು ಮೀರಿ ಕೊಟ್ಟವನು ಜೂನ್ 30ರೊಳಗೆ ವಿವರಪತ್ರ ಸಲ್ಲಿಸಬೇಕಿತ್ತು. ತನ್ನನ್ನು ಅವಲಂಬಿಸಿದ ಬಂಧುವಿನ ಮದುವೆಗೆ ಕೊಟ್ಟುದಕ್ಕೆ ಇನ್ನೂ 10,000ದ ಪ್ರತ್ಯೇಕ ವಿನಾಯಿತಿ ಇತ್ತು. ಅಂದಿನ ಮುಯ್ಯಿಯ ಐದು, ಹತ್ತು ರೂಪಾಯಿಗಳು ಈ ಮಿತಿಯ ಹತ್ತಿರವೂ ಸುಳಿಯುವಂತಿರಲಿಲ್ಲ. ಮೈಸೂರು ರಾಜ್ಯದಲ್ಲಿ ಈ ಕಾಯ್ದೆ ವ್ಯಾಜ್ಯಕ್ಕೆ ಒಳಗಾದದ್ದು ನಗದಿನಿಂದಲ್ಲ, ನೆಲದಿಂದ. ಭೂಮಿ, ಕಟ್ಟಡಗಳ ಕೊಡುಗೆಗೆ ತೆರಿಗೆ ವಿಧಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು ಮೈಸೂರು ಉಚ್ಚ ನ್ಯಾಯಾಲಯ ಹೇಳಿತು. 1970ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ಕಾಯ್ದೆಯ ಪ್ರಕಾರ ಕೊಡುಗೆಯೆಂದರೆ ಪ್ರತಿಫಲವಿಲ್ಲದೆ ಸ್ವಇಚ್ಛೆಯಿಂದ ಕೊಟ್ಟದ್ದು. ಮುಯ್ಯಿ ಎಂಬ ಮಾತಿನಲ್ಲಿಯೇ ಪ್ರತಿಫಲ ಅಡಗಿದೆ. ಮುಯ್ಯಿ ತೀರಿಸುವುದೆಂದರೆ ಕೊಂಡದ್ದನ್ನು ಹಿಂದಿರುಗಿಸುವುದು, ಸೇಡಿಗೂ ಅದೇ ಮಾತು. ಆದರೂ ನ್ಯಾಯಾಲಯದಲ್ಲಿ ವಸೂಲು ಮಾಡಬಹುದಾದ ಸಾಲ ಅದಲ್ಲ. ಕಾನೂನಿನ ಎರಡು ಮನೆಗಳಲ್ಲಿ ಯಾವುದಕ್ಕೂ ಅದು ಸರಿಯಾಗಿ ಸೇರದು.

1998ರ ಅಕ್ಟೋಬರ್ 1ರಿಂದ ಕೊಡುಗೆ ತೆರಿಗೆ ನಿಂತಿತು. 2004ರ ಸೆಪ್ಟೆಂಬರ್ 1ರಿಂದ ಹೊರೆ ಪಡೆದವನ ಮೇಲೆ ಬಿತ್ತು: ಬಂಧುಗಳಲ್ಲದವರಿಂದ 25,000ಕ್ಕೆ ಮೀರಿ ಬಂದ ಹಣ ಆದಾಯವಾಯಿತು. 2006ರಲ್ಲಿ ಮಿತಿ 50,000ಕ್ಕೇರಿ, ವರ್ಷದ ಒಟ್ಟು ಮೊತ್ತಕ್ಕೆ ಅನ್ವಯಿಸಿತು. ಮೀರಿದರೆ ಇಡೀ ಮೊತ್ತಕ್ಕೂ ತೆರಿಗೆ. ಇಲ್ಲಿ ‘ಬಂಧು’ವಿನ ವ್ಯಾಖ್ಯೆ ವಿಚಿತ್ರ. ಸೋದರಮಾವ ಸೊಸೆಗೆ ಕೊಟ್ಟರೆ ತೆರಿಗೆಯಿಲ್ಲ. ಅಕ್ಕನ ಮಗಳು ಅದೇ ಮಾವನಿಗೆ ಕೊಟ್ಟರೆ ಆಕೆ ಅವನ ‘ಬಂಧು’ವಲ್ಲ. ಚಿಕ್ಕಪ್ಪನ ಮಗನಂತೂ ಹೊರಗಿನವನೇ.

ವ್ಯಕ್ತಿಯ ಮದುವೆಯ ಸಂದರ್ಭದಲ್ಲಿ ಬಂದುದಕ್ಕೆ, ಕೊಟ್ಟವರು ಯಾರೇ ಆಗಿರಲಿ, ವಿನಾಯಿತಿ ಉಂಟು. 2025ರ ಆದಾಯ ತೆರಿಗೆ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಅದು ಮದುವೆಯಾಗುವ ವ್ಯಕ್ತಿಗೆ ಮಾತ್ರ. ಮುಯ್ಯಿ ಓದಿಸುವುದೋ ಮನೆಯ ಯಜಮಾನನ ಹೆಸರಿನಲ್ಲಿ. ಮುಂದೆ ಅದನ್ನು ತೀರಿಸಬೇಕಾದವನೂ ಅವನೇ.