ಪರಿಸರ ವ್ಯವಸ್ಥೆಗಳು: ಕೊಪ್ಪಳ ಜಿಲ್ಲೆ

ಮನುಷ್ಯನ ಹಸ್ತಕ್ಷೇಪ ಎಷ್ಟು, ಯಾವ ಬಗೆಯದು ಎಂಬುದನ್ನು ನೋಡಿ ಪರಿಸರ ವ್ಯವಸ್ಥೆಗಳನ್ನು ನೈಸರ್ಗಿಕ, ನಿರ್ವಹಿತ, ಪರೋಕ್ಷವಾಗಿ ಬಾಧಿತ ಎಂದು ವಿಂಗಡಿಸಬಹುದು. ಆನೆಗೊಂದಿ ಸುತ್ತಲಿನ ಬಂಡೆಗುಡ್ಡಗಳ ಕುರುಚಲು ಕಾಡು, ಕರಡಿಗಳ ನೆಲೆ, ಮೊದಲನೆಯದಕ್ಕೆ ಹತ್ತಿರ. ಕುರಿ-ದನ ಮೇಯುವುದರಿಂದ ಪೂರ್ಣ ನೈಸರ್ಗಿಕ ಎನ್ನಲಾಗದು. ಗಂಗಾವತಿಯ ಕಾಲುವೆ ಭತ್ತ, ಕುಷ್ಟಗಿ-ಯಲಬುರ್ಗಾಗಳ ಮಳೆಯಾಶ್ರಿತ ಜೋಳ, ಸಜ್ಜೆ ಎಲ್ಲವೂ ನಿರ್ವಹಿತವೇ.

ಮೂರನೆಯದನ್ನು ಗುರುತಿಸುವುದು ಕಷ್ಟ. ಕಾಲುವೆಯ ಬಸಿನೀರು ತಗ್ಗಿನ ಹೊಲಗಳಲ್ಲಿ ನಿಂತು, ಉಪ್ಪು ಮೇಲೆದ್ದು, ನೆಲ ಸವುಳು-ಜವುಳಾಗುತ್ತದೆ. ಇದು ಯಾರೂ ಬಯಸಿ ಮಾಡಿದ್ದಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಎದ್ದ ಮೇಲೆ ನದಿಯ ಕೆಳಹರಿವೂ ಬದಲಾಯಿತು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಆದರೂ ಅಲ್ಲಿನ ಬೇಸಿಗೆ ಹರಿವು ಜಲಾಶಯದಿಂದ ಬಿಡುವ ನೀರನ್ನೇ ನೆಚ್ಚಿದೆ.